ಕೋಳಿಮರಿ ನೋಡುವ ದೀಪಕ್ಕೆ ಅಂಟಿಸಿದ ಚೀಟಿಯ ಕುರಿತು

ಪಟ್ಟಣದ ವಸ್ತುಸಂಗ್ರಹಾಲಯ ಹಾಗೂ ಪರಂಪರೆ ಸೇವೆಗಳ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಇರಲಿ. ನಾನು ಲಫ್‌ಬರೋದಲ್ಲಿ ಮೊದಲ ವರ್ಷದ ಇಂಜಿನಿಯರಿಂಗ್ ಓದುತ್ತಿರುವ ಹುಡುಗಿ. ಲೈಬ್ರರಿಯಲ್ಲಿ ಕುರ್ಚಿ ಎಳೆದಾಗ ಸದ್ದಾದರೆ ಕುರ್ಚಿಗೂ ಸಾರಿ ಹೇಳುವ ಜಾತಿಯವಳು. ತಮ್ಮಂಥ ಹಿರಿಯ ಅಧಿಕಾರಿಗಳಿಗೆ, ಅದೂ ಊರಿಗೆಲ್ಲ ಕೇಳಿಸುವ ಹಾಗೆ ಪತ್ರ ಬರೆಯುವಷ್ಟು ದೊಡ್ಡವಳಲ್ಲ. ಆದರೆ ಒಂದು ವಿನಂತಿ: ಈ ಕ್ಷಮೆ ಪತ್ರ ಬರೆದ ತಪ್ಪಿಗೆ ಮಾತ್ರ. ದಯವಿಟ್ಟು ಇದನ್ನು ಬೇರೆ ಯಾವ ಕಡತಕ್ಕೂ ಸೇರಿಸಬೇಡಿ. ಹೋದ ಸಲ ಸೇರಿಸಿ ಏನಾಯಿತೆಂದು ಮುಂದೆ ಹೇಳುತ್ತೇನೆ.

ವಿಷಯ ಇಷ್ಟು. ತಮ್ಮ ಮ್ಯೂಸಿಯಂನ ಮೇಲಿನ ಮಹಡಿಯಲ್ಲಿ, ಯುದ್ಧಕಾಲದ ವಸ್ತುಗಳನ್ನಿಟ್ಟ ಕೋಣೆಯಲ್ಲಿ, ಗ್ಯಾಸ್ ಮಾಸ್ಕುಗಳ ಪಕ್ಕ, ಹಗ್ಗ ಕಟ್ಟಿದ ಕಟ್ಟೆಯ ಮೇಲೆ ಒಂದು ದೀಪವಿದೆ. ಹೊರಗೆ ನೀಲಿ, ಒಳಗೆ ಬಿಳಿ ಬಣ್ಣದ, ಬಕೆಟ್ಟಿನಷ್ಟು ಆಳದ ತಗಡಿನ ಮುಚ್ಚಳದ ದೀಪ. ಅದರ ಕೆಳಗಿನ ಚೀಟಿ ಹೀಗನ್ನುತ್ತದೆ: ‘ಶತ್ರು ವಿಮಾನಗಳಿಗೆ ಸಂಕೇತ ಕೊಡಲು ಜಪಾನಿ ಬೇಹುಗಾರನೊಬ್ಬ ಬಳಸಿದ ದೀಪ. ಡಿಸೆಂಬರ್ 1941.’

ಆ ಬೇಹುಗಾರ ನನ್ನ ಮುತ್ತಜ್ಜ. ಆ ದೀಪ ಕೋಳಿಮರಿಗಳು ಗಂಡೋ ಹೆಣ್ಣೋ ಎಂದು ನೋಡುವ ದೀಪ. ಅನುದಾನ ಕಡಿತವಾಗಿ ಬರುವ ಮಾರ್ಚ್ 31ಕ್ಕೆ ಆ ಕೋಣೆ ಮುಚ್ಚುತ್ತದೆ, ವಸ್ತುಗಳೆಲ್ಲ ‘ಈಗಿರುವ ಚೀಟಿ ಸಮೇತ’ ಪೆಟ್ಟಿಗೆ ಸೇರಿ ಯಾವುದೋ ಗೋದಾಮಿಗೆ ಹೋಗುತ್ತವೆ ಎಂದು ತಾವೇ ಪ್ರಕಟಿಸಿದ್ದೀರಿ. ಮತ್ತೆ ಯಾವಾಗ ಹೊರಬರುತ್ತವೆಂದು ಪ್ರಕಟಿಸಿಲ್ಲ. ಮುತ್ತಜ್ಜನ ಮಗಳು, ಅಂದರೆ ನನ್ನ ಅಮ್ಮನ ಅಮ್ಮ ಎಡ್ನಾ ಅಜ್ಜಿಗೆ ಈಗ ಎಪ್ಪತ್ತೆಂಟು. ಅಷ್ಟರೊಳಗೆ ಆ ಚೀಟಿ ಬದಲಾಗಬೇಕು, ಬದಲಾದದ್ದನ್ನು ಅಜ್ಜಿ ತನ್ನ ಕಣ್ಣಿಂದ ನೋಡಬೇಕು. ನನ್ನ ದೂರು, ಬೇಡಿಕೆ, ಎದೆಬಡಿತ ಎಲ್ಲ ಇಷ್ಟೇ.

ಇದನ್ನು ಕನ್ನಡದಲ್ಲಿ ಏಕೆ ಬರೆಯುತ್ತಿದ್ದಾಳೆ ಎಂದು ತಾವು ಹುಬ್ಬೇರಿಸಬಹುದು. ಇಂಗ್ಲಿಷಿನಲ್ಲಿ ನಾಲ್ಕು ಸಲ ಬರೆದೆ, ಮಾನ್ಯರೇ. ನಾಲ್ಕನೆಯ ಉತ್ತರದ ಜೊತೆ ತಾವೊಂದು ಕರಪತ್ರ ಇಟ್ಟಿದ್ದಿರಿ. ಸಾರ್ವಜನಿಕರು ತಮ್ಮ ಮಾತೃಭಾಷೆಯಲ್ಲೇ ಬರೆಯಬಹುದು, ಕಚೇರಿ ಅದನ್ನು ಅನುವಾದ ಮಾಡಿಸಿಕೊಂಡು ‘ಪೂರ್ತಿಯಾಗಿ ಓದುತ್ತದೆ’ ಎಂದು ಅದರಲ್ಲಿ ಹದಿನಾಲ್ಕು ಭಾಷೆಗಳಲ್ಲಿ ಮುದ್ರಿಸಿತ್ತು. ಕನ್ನಡ ಆ ಹದಿನಾಲ್ಕರಲ್ಲಿರಲಿಲ್ಲ, ಆದರೂ ‘ಪೂರ್ತಿಯಾಗಿ’ ಎಂಬ ಪದ ನೋಡಿ ನನಗೆ ಕುಣಿಯುವಷ್ಟು ಖುಷಿಯಾಯಿತು. ಇಂಗ್ಲಿಷಿನಲ್ಲಿ ಬರೆದರೆ ಮೊದಲ ಸಾಲು ಓದಿ ಸಿದ್ಧ ಉತ್ತರ ಕಳಿಸಬಹುದು. ಕನ್ನಡದಲ್ಲಿ ಬರೆದರೆ? ಭಾಷಾಂತರಕಾರರು ಪ್ರತಿ ವಾಕ್ಯವನ್ನೂ ಓದಲೇಬೇಕು! ಓ ಅಪರಿಚಿತ ಭಾಷಾಂತರಕಾರರೇ, ನಿಮಗೆ ನಮಸ್ಕಾರ. ಈ ಕಚೇರಿಯಲ್ಲಿ ನನ್ನ ಪತ್ರ ಪೂರ್ತಿ ಓದಿದ ಮೊದಲಿಗರು ನೀವೇ.

ಪತ್ರ ನಮ್ಮ ಕನ್ನಡ ಬಳಗದ ಮಾಸಪತ್ರಿಕೆಯಲ್ಲೂ ಅಚ್ಚಾಗುತ್ತಿದೆ. ಸಂಪಾದಕಿ ಹೇಮಲತಾ ಆಂಟಿ ಮೂರು ಪುಟ ಕೊಟ್ಟರು, ಜೊತೆಗೊಂದು ಸಲಹೆಯನ್ನೂ ಕೊಟ್ಟರು. “ತುಂಬಾ ಚೆನ್ನಾಗಿದೆ ಪುಟ್ಟಾ. ಆದ್ರೆ ಆ ಗಂಡು-ಹೆಣ್ಣು ನೋಡೋ ವಿಷಯ ಒಂಚೂರು ಕಮ್ಮಿ ಮಾಡು. ಟಿವಿಡೇಲ್ ದೇವಸ್ಥಾನದಲ್ಲಿ ಪ್ರಸಾದದ ಜೊತೆ ಹಂಚೋ ಪತ್ರಿಕೆ ನಮ್ದು.” ಆಂಟಿ, ಕ್ಷಮಿಸಿ. ಅದನ್ನು ಕಮ್ಮಿ ಮಾಡಿದ್ದಕ್ಕೇ ಇಷ್ಟೆಲ್ಲ ಆದದ್ದು. ಅದನ್ನೂ ಹೇಳುತ್ತೇನೆ.

ಮೊದಲು ನಾನು ಯಾರೆಂದು ಹೇಳಬೇಕು. ನನ್ನ ಅಪ್ಪ ರಾಜಶೇಖರ, ತುಮಕೂರು ಕಡೆಯವರು, ಬರ್ಮಿಂಗ್‌ಹ್ಯಾಮಿನ ಹತ್ತಿರ GP, ಅಂದರೆ ಊರ ಡಾಕ್ಟರು. ಅಮ್ಮ ಲೀಡ್ಸ್‌ನವಳು, ಆಸ್ಪತ್ರೆಯಲ್ಲಿ ನರ್ಸ್. ಇಬ್ಬರ ಡ್ಯೂಟಿಯ ರೋಟಾ ಎಂದೂ ಹೊಂದುತ್ತಿರಲಿಲ್ಲವಾದ್ದರಿಂದ, ಮಗಳಿಗೆ ಕನ್ನಡವೂ ಬರಲಿ ಎಂಬ ಅಪ್ಪನ ಆಸೆಯೂ ಸೇರಿ, ಎಂಟನೇ ವಯಸ್ಸಿಗೆ ನನ್ನನ್ನು ತುಮಕೂರಿನ ಹಾಸ್ಟೆಲಿಗೆ ಹಾಕಿದರು. ಅಲ್ಲಿ ನನ್ನನ್ನು ‘ಇಂಗ್ಲಿಷಮ್ಮ’ ಅನ್ನುತ್ತಿದ್ದರು. ಇಲ್ಲಿಗೆ ಬಂದರೆ ‘ಇಂಡಿಯಾದ ಹುಡುಗಿ’. ಅರ್ಜಿಗಳಲ್ಲಿ ‘ಮಿಶ್ರ’ ಎಂಬ ಚೌಕಕ್ಕೆ ಟಿಕ್ ಹಾಕಿ, ಅರ್ಧ ಇದು, ಅರ್ಧ ಅದು ಎಂದು ನೆಮ್ಮದಿಯಾಗಿದ್ದೆ. ಹೋದ ಆಗಸ್ಟ್‌ನಲ್ಲಿ ಒಂದು ಮಳೆಯ ಮಧ್ಯಾಹ್ನ ಈ ಲೆಕ್ಕ ತಪ್ಪಿತು.

ಅಪ್ಪನ ದೊಡ್ಡಪ್ಪನ ಮಗ ಕೆಂಚಪ್ಪ, ನನಗೆ ದೊಡ್ಡಪ್ಪ, ಬೇಸಿಗೆಗೆಂದು ನಮ್ಮಲ್ಲಿಗೆ ಬಂದಿದ್ದರು. ಹೊಸಕೋಟೆ ಕಡೆಯ, ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಹ್ಯಾಚರಿಯೊಂದರಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಇಂಗ್ಲೆಂಡಿನಲ್ಲಿ ಅವರು ಎಲ್ಲಕ್ಕಿಂತ ಹೆಚ್ಚು ಆಸಕ್ತಿಯಿಂದ ನೋಡಿದ್ದು ಸೂಪರ್‌ಮಾರ್ಕೆಟ್ಟಿನ ಮೊಟ್ಟೆಗಳ ಮೇಲಿನ ಮುದ್ರೆ. ನಾನೂ ದೊಡ್ಡಪ್ಪನೂ ಲೀಡ್ಸ್‌ನಲ್ಲಿ ಅಜ್ಜಿಯ ಮನೆಯಲ್ಲಿ ನಾಲ್ಕು ದಿನವಿದ್ದೆವು. ಅಜ್ಜಿ ಯಾರ್ಕ್‌ಶೈರಿನವರ ರೂಢಿಯಂತೆ ಎಲ್ಲರನ್ನೂ ‘ಲವ್’ ಎನ್ನುತ್ತಾಳೆ. ಮೊದಲ ದಿನ “ಟೀ ಬೇಕಾ ಲವ್?” ಎಂದಾಗ ದೊಡ್ಡಪ್ಪ ಗೋಡೆಗೆ ಒರಗಿಕೊಂಡು ನನ್ನ ಕಿವಿಯಲ್ಲಿ, “ಏನಮ್ಮಾ ಇದು? ಬೀಗರು ಹಿಂಗಂತಾರೆ, ನಿಮ್ಮ ದೊಡ್ಡಮ್ಮಂಗೆ ಗೊತ್ತಾದ್ರೆ?” ಎಂದರು. ನಾಲ್ಕನೆಯ ದಿನಕ್ಕೆ ಅವರೇ “ಥ್ಯಾಂಕ್ಯೂ ಲವ್” ಎನ್ನತೊಡಗಿದ್ದರು.

ಬೆಟ್ಟ ನೋಡಲೆಂದು ರೈಲು ಹತ್ತಿ ಮುಕ್ಕಾಲು ಗಂಟೆಯ ದೂರದ ತಮ್ಮ ಊರಿಗೆ ಬಂದೆವು. ಮಳೆ ಹಿಡಿಯಿತು. ತಮ್ಮ ಮ್ಯೂಸಿಯಂ ಎದುರಿಗೇ ಇತ್ತು.

“ಅಲ್ಲಿ ನೋಡೋಕೆ ಏನೂ ಇಲ್ಲ ಲವ್, ಎಲ್ಲಾದರೂ ಟೀ ಕುಡಿಯೋಣ” ಎಂದಳು ಅಜ್ಜಿ.

“ಟಿಕೆಟ್ ಎಷ್ಟಂತೆ?” ದೊಡ್ಡಪ್ಪ ಕೇಳಿದರು.

“ಫ್ರೀ ದೊಡ್ಡಪ್ಪ.”

“ಮತ್ತೆ ನಡೀರಿ. ಟೀಗಾದ್ರೆ ಎರಡೂವರೆ ಪೌಂಡು.”

ಅಜ್ಜಿ ಬಾಗಿಲಲ್ಲೇ ನಿಂತಳು. ಕಾಲುನೋವೇನೋ ಎಂದುಕೊಂಡೆ. ಆಮೇಲೆ ನಮ್ಮ ಹಿಂದೆ ಹತ್ತಡಿ ದೂರ ಬಿಟ್ಟು ಬಂದಳು. ಆ ದೂರ ಕಾಲುನೋವಿನದಲ್ಲ ಎಂದು ನನಗೆ ತಿಳಿದದ್ದು ಅರ್ಧ ಗಂಟೆಯ ನಂತರ.

ದೊಡ್ಡಪ್ಪ ದೀಪದ ಮುಂದೆ ನಿಂತರು. ಚೀಟಿ ಓದಲಿಲ್ಲ, ಅವರಿಗೆ ಆ ಇಂಗ್ಲಿಷ್ ಕಷ್ಟ. ಬಗ್ಗಿ ಮುಚ್ಚಳದ ಒಳಗೆ ನೋಡಿದರು, ಕಬ್ಬಿಣದ ಗಿಡ್ಡ ತೋಳು ನೋಡಿದರು, ಮತ್ತೆ ಒಳಗೆ ನೋಡಿದರು. ಊರಿನ ನೆಂಟರನ್ನು ಸಂತೆಯಲ್ಲಿ ಕಂಡವರ ಹಾಗೆ ಕೂಗಿದರು: “ಏ ತನ್ವಿ! ಇದು ನಮ್ಮ ಸೆಕ್ಸಿಂಗ್ ಲ್ಯಾಂಪು!”

ಮಾನ್ಯರೇ, ಆ ಕೋಣೆಯಲ್ಲಿ ಅಂದು ಹದಿನಾಲ್ಕು ಜನರಿದ್ದರು. ಆ ಮಾತಿನಲ್ಲಿ ಒಂದು ಪದ ಮಾತ್ರ ಎಲ್ಲರಿಗೂ ಅರ್ಥವಾಯಿತು. ನನಗೆ ಗ್ಯಾಸ್ ಮಾಸ್ಕ್ ಹಾಕಿಕೊಂಡು ಮಾಯವಾಗಬೇಕೆನಿಸಿತು.

“ದೊಡ್ಡಪ್ಪ, ಮೆತ್ತಗೆ!”

“ಯಾಕ್ ಮೆತ್ತಗೆ? ಮೂವತ್ತೊಂದು ವರ್ಷ ಅನ್ನ ಹಾಕೈತೆ ಕಣಮ್ಮ. ನಮ್ಮ ಗುರುಗಳಿಗೆ ಈ ವಿದ್ಯೆ ಕಲಿಸಿದೋರು ಜಪಾನಿನೋರು. ಅವರ ದೀಪಾನೂ ಥೇಟ್ ಹಿಂಗೇ ಇತ್ತಂತೆ. ಬೆಳಕು ಆಚೀಚೆ ಹೋಗ್ಬಾರ್ದು, ಕಣ್ಣಿಗೆ ಹೊಡೀಬಾರ್ದು, ಸೀದಾ ಮರಿ ಮೇಲೆ ಬೀಳ್ಬೇಕು. ತಡಿ, ತೋರಿಸ್ತೀನಿ.”

ಪಕ್ಕದಲ್ಲೇ ತಮ್ಮ ಪುಟ್ಟ ಅಂಗಡಿ. ಅಲ್ಲಿಂದ ಹಳದಿ ಬಾತುಕೋಳಿಯ ಮೆತ್ತನೆ ಗೊಂಬೆಯೊಂದನ್ನು ತಂದರು. ಎಡಗೈಯಲ್ಲಿ ಅದರ ಕತ್ತನ್ನು ಎರಡು ಬೆರಳ ನಡುವೆ ಸಿಕ್ಕಿಸಿ, ಬುಡ ಮೇಲೆ ಮಾಡಿ, ಹೆಬ್ಬೆರಳಿನಿಂದ ಹೊಟ್ಟೆ ಒತ್ತಿದರು. “ಮೊದ್ಲು ಹಿಕ್ಕೆ ತೆಗೀಬೇಕು. ಆಮೇಲೆ ಹಿಂಗೆ ಬಿಡಿಸಿ ದೀಪದ ಕೆಳಗೆ. ಸಾಸಿವೆ ಅಷ್ಟು ಚಿಕ್ಕ ಗುರುತು ಇದ್ರೆ ಹುಂಜ, ಇಲ್ದಿದ್ರೆ ಹೇಟೆ. ಒಂದು ಮರಿಗೆ ನಾಕು ಸೆಕೆಂಡು. ಗಂಟೆಗೆ ಎಂಟುನೂರು, ಒಂಬೈನೂರು.” ಹಗ್ಗದ ಈಚೆಯಿಂದಲೇ ಗೊಂಬೆಯನ್ನು ದೀಪದತ್ತ ಚಾಚಿ, ಗಂಭೀರವಾಗಿ ದಿಟ್ಟಿಸಿ, ತೀರ್ಪು ಕೊಟ್ಟರು: “ಹೇಟೆ.”

ಐದಾರು ವರ್ಷದ ಹುಡುಗಿಯೊಬ್ಬಳು ತನ್ನ ಕೈಯಲ್ಲಿದ್ದ ಮೊಲದ ಗೊಂಬೆಯನ್ನು ಮುಂದೆ ಹಿಡಿದಳು. ಹಿಂದೆಯೇ ಅವಳ ಪುಟ್ಟ ತಮ್ಮ. ಅವನ ಹತ್ತಿರ ಡೈನೋಸಾರ್. ದೊಡ್ಡಪ್ಪ ಎರಡನ್ನೂ ಪರೀಕ್ಷಿಸಿ, ಮೊಲ ಹುಂಜವೆಂದೂ ಡೈನೋಸಾರ್ ತಮ್ಮ ಅನುಭವಕ್ಕೆ ಮೀರಿದ್ದೆಂದೂ ತಿಳಿಸಿದರು. ನಾನು ಭಾಷಾಂತರಿಸಿದೆ. ತಮ್ಮ ಸಿಬ್ಬಂದಿಯ ಯುವಕನೊಬ್ಬ ಬಂದು, ಈ ದೇಶದಲ್ಲಿ ಪೊಲೀಸರನ್ನು ಕರೆಯುವ ಮುಂಚೆ ಕೇಳುವ ಧಾಟಿಯಲ್ಲಿ “ಎಲ್ಲಾ ಸರಿ ಇದೆಯಾ?” ಎಂದ. ಆಗಲೇ ಹಿಂದಿನಿಂದ ನಗು ಕೇಳಿಸಿತು. ಅಜ್ಜಿಯದು. ಬೆಂಚಿನ ಮೇಲೆ ಕುಳಿತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಎಷ್ಟು ಹೊತ್ತು ನಕ್ಕಳೆಂದರೆ, ಕೈ ತೆಗೆದಾಗ ಮುಖವೆಲ್ಲ ಒದ್ದೆಯಾಗಿತ್ತು.

“ಕೋಳಿಮರಿ” ಎಂದಳು. “ಅವರು ಕೋಳಿಮರಿಗಳ ಅಂಡು ನೋಡುತ್ತಿದ್ದರು. ಅಷ್ಟೇ! ಅಷ್ಟೇ ಅಲ್ಲವಾ ಲವ್?”

ಯಾರು ಅಜ್ಜಿ, ಎಂದೆ. “ನಮ್ಮಪ್ಪ” ಎಂದಳು.

ಅಜ್ಜಿಯ ಅಪ್ಪ ಪೋರ್ಚುಗಲ್ ಕಡೆಯವರು ಎಂದು ನನ್ನ ಅಮ್ಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಂದು ತಮ್ಮ ಬೆಂಚಿನ ಮೇಲೆ ಗೊತ್ತಾದದ್ದು ಬೇರೆ. ಅವರ ಹೆಸರು ಇಸಾಮು ಮೊರಿಹಾರಾ. 1933ರಲ್ಲಿ ತಮ್ಮ ಊರಿನ ಕಣಿವೆಯ ಹ್ಯಾಚರಿಯವರು ಕರೆಸಿಕೊಂಡ ಜಪಾನಿ ಪರಿಣತ. ಮೊಟ್ಟೆಗಾಗಿ ಕೋಳಿ ಸಾಕುವವರಿಗೆ ಒಂದು ದಿನದ ಮರಿಯಲ್ಲೇ ಹೇಟೆ ಯಾವುದೆಂದು ತಿಳಿಯಬೇಕಿತ್ತು. ಅದನ್ನು ತಪ್ಪಿಲ್ಲದೆ ಹೇಳಬಲ್ಲವರು ಆಗ ಜಪಾನಿನವರೇ. ಹಿಲ್ಡಾ ಎಂಬ ಸ್ಥಳೀಯ ಹುಡುಗಿಯನ್ನು ಮದುವೆಯಾದರು. ದೀಪವನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ನಸುಕಿನಲ್ಲೇ ರೈಲು ಹತ್ತಿ ಹ್ಯಾಚರಿಯಿಂದ ಹ್ಯಾಚರಿಗೆ ಹೋಗುತ್ತಿದ್ದರು.

ಅಪ್ಪ ಏನು ಕೆಲಸ ಮಾಡುತ್ತಾರೆ ಎಂದು ಪುಟ್ಟ ಎಡ್ನಾ ಕೇಳಿದರೆ ಹಿಲ್ಡಾ ಏನು ಹೇಳಬೇಕು? ಭಾನುವಾರ ಎರಡು ಸಲ ಚಾಪೆಲ್ಲಿಗೆ ಪ್ರಾರ್ಥನೆಗೆ ಹೋಗುವ ಮರ್ಯಾದಸ್ಥ ಹೆಂಗಸು. ಮರಿಗಳ ಹಿಂಭಾಗ ಬಿಡಿಸಿ ನೋಡುತ್ತಾರೆ ಎಂದು ಮಗಳಿಗೆ ಹೇಳುವುದುಂಟೆ? “ಕೋಳಿ ವ್ಯವಹಾರದಲ್ಲಿ ಒಂದು ಥರದ ತಪಾಸಣೆ” ಎಂದಳು. ತಪಾಸಣೆ! ಹೇಮಲತಾ ಆಂಟಿ, ನೋಡಿದಿರಾ? ಅಂದು ಆ ಮಾತನ್ನು ಕಮ್ಮಿ ಮಾಡದೆ ಹೇಳಿಬಿಟ್ಟಿದ್ದರೆ ನನ್ನ ಅಜ್ಜಿಗೆ ಅಷ್ಟು ವರ್ಷಗಳ ಭಯ ತಪ್ಪುತ್ತಿತ್ತು.

ಜಪಾನ್ ಯುದ್ಧಕ್ಕಿಳಿದ ಮರುದಿನ ಪೊಲೀಸರು ಬಂದರು. ಈ ದೇಶದಲ್ಲಿದ್ದ ಇತರ ಜಪಾನಿ ಗಂಡಸರಂತೆ ಮುತ್ತಜ್ಜನೂ ಐಲ್ ಆಫ್ ಮ್ಯಾನ್ ದ್ವೀಪದ ಬಂಧನ ಶಿಬಿರಕ್ಕೆ ಹೋದರು. ಆರೋಪವಿಲ್ಲ, ವಿಚಾರಣೆಯಿಲ್ಲ. ಹಿಲ್ಡಾ ಈ ಊರಲ್ಲೇ ಹುಟ್ಟಿದವಳು, ಆದರೆ ವಿದೇಶಿಯನ್ನು ಮದುವೆಯಾಗಿ ಆಗಿನ ಕಾನೂನಿನಂತೆ ತನ್ನ ಬ್ರಿಟಿಷ್ ಪೌರತ್ವ ಕಳೆದುಕೊಂಡಿದ್ದಳು. ಹಾಗಾಗಿ ತಾನು ಕಲಿತ ಶಾಲೆಯ ಎದುರಿನ ಪೊಲೀಸ್ ಠಾಣೆಗೆ ವಾರವಾರ ಹೋಗಿ ಶತ್ರುದೇಶದವಳೆಂದು ಸಹಿ ಹಾಕಬೇಕಾಯಿತು. ನಾಲ್ಕು ವರ್ಷದ ಎಡ್ನಾ ಮಾತ್ರ ಬ್ರಿಟಿಷ್ ಪ್ರಜೆ. ಅಂದರೆ ಆ ಮನೆಯಲ್ಲಿ ರಾಜನಿಗೆ ನಿಷ್ಠರಾಗಿದ್ದವರು ಒಬ್ಬರೇ, ಅವರಿಗೆ ಶೂ ಲೇಸ್ ಕಟ್ಟಲು ಬರುತ್ತಿರಲಿಲ್ಲ.

ದೀಪವನ್ನು ಆ ದಿನವೇ ಒಯ್ದರು. 1946ರಲ್ಲಿ ಮುತ್ತಜ್ಜ ವಾಪಸ್ ಬಂದರು, ದೀಪ ಬರಲಿಲ್ಲ. ಮರುವರ್ಷ ಎಡ್ನಾಳ ಶಾಲೆಯವರು ಮಕ್ಕಳನ್ನು ತಮ್ಮ ಮ್ಯೂಸಿಯಂಗೆ ಕರೆತಂದರು. ಹತ್ತು ವರ್ಷದ ಹುಡುಗಿ ಆ ದೀಪದ ಮುಂದೆ ನಿಂತಳು. ಅಂಚಿನಲ್ಲಿ ಬಣ್ಣ ಹಾರಿದ ಗುರುತು ತಾನೇ ಮಗುವಾಗಿದ್ದಾಗ ಬೀಳಿಸಿ ಮಾಡಿದ್ದು. ಚೀಟಿ ಓದಿದಳು. ತರಗತಿಯ ಹುಡುಗಿಯೊಬ್ಬಳು ಎಲ್ಲರಿಗೂ ಕೇಳಿಸುವಂತೆ, “ಎಡ್ನಾ, ನಿಮ್ಮಪ್ಪನ ಟಾರ್ಚ್ ಇಲ್ಲಿದೆ ನೋಡು!” ಎಂದಳು. ಮೇಷ್ಟ್ರು ಮಕ್ಕಳನ್ನು ಮುಂದಿನ ಕಟ್ಟೆಯತ್ತ ಸಾಗಿಸಿದರು.

“ಮನೆಗೆ ಹೋಗಿ ಕೇಳಲಿಲ್ಲವಾ ಅಜ್ಜಿ?”

“ಹೌದು ಅಂದುಬಿಟ್ಟಿದ್ದರೆ?”

ಮುತ್ತಜ್ಜ ಬದುಕಿದ್ದದ್ದು 1959ರವರೆಗೆ. ಬಂದ ಮೇಲೆ ಯಾವ ಹ್ಯಾಚರಿಯೂ ಕರೆಯಲಿಲ್ಲ. ಉಣ್ಣೆ ಗಿರಣಿಯಲ್ಲಿ ಮೂಟೆ ಹೊತ್ತರು. ಆ ಹನ್ನೆರಡು ವರ್ಷ ಅಪ್ಪ ಮಗಳು ದಿನವೂ ಒಂದೇ ಮೇಜಿನಲ್ಲಿ ಊಟ ಮಾಡಿದರು. ಅವಳು ಕೇಳಲಿಲ್ಲ. ತಮ್ಮ ಚೀಟಿಯನ್ನು ನಂಬಿ, ಅಪ್ಪನನ್ನು ಪ್ರೀತಿಸುತ್ತಲೇ, ಒಂಚೂರು ಹೆದರಿಕೊಂಡೇ ಇದ್ದಳು. ಅವರು ತೀರಿಕೊಂಡ ಮೇಲೆ ಊರು ಬಿಟ್ಟು, ಹೆಸರು ಬಿಟ್ಟು, ಅವರನ್ನು ಪೋರ್ಚುಗಲ್ಲಿಗೆ ಕಳಿಸಿದಳು. ಅರವತ್ತೇಳು ವರ್ಷದ ಹಿಂದೆ ಓದಿದ ಚೀಟಿ ಅದೇ ಜಾಗದಲ್ಲಿ ಅದೇ ಮಾತು ಹೇಳುತ್ತಿರುವುದನ್ನು ಕಂಡಾಗ, ಹೊಸಕೋಟೆಯ ಮನುಷ್ಯನೊಬ್ಬ ಬಾತುಕೋಳಿ ಗೊಂಬೆಯ ಬುಡ ಮೇಲೆ ಮಾಡಿ ಅವಳ ಅಪ್ಪನನ್ನು ನಿರಪರಾಧಿ ಎಂದು ಸಾರಿದ. ನಗದೆ ಏನು ಮಾಡುತ್ತಾಳೆ? ವಾಪಸಾಗುವಾಗ ರೈಲಿನಲ್ಲಿ ಮೂವರೂ ನಗುತ್ತಿದ್ದೆವು. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು “ಹೇಟೆ” ಅನ್ನುತ್ತಿದ್ದರು. ಎದುರಿನವರು ಎದ್ದು ಬೇರೆ ಡಬ್ಬಿಗೆ ಹೋದರು.

ಆ ನಗುವಿನ ಅಮಲಿನಲ್ಲೇ ನಾನು ತಮಗೆ ಮೊದಲ ಪತ್ರ ಬರೆದದ್ದು. ವಾರದೊಳಗೆ ಚೀಟಿ ಬದಲಾಗುತ್ತದೆಂದು ಅಜ್ಜಿಗೆ ಮಾತೂ ಕೊಟ್ಟೆ. ಹದಿನೆಂಟು ವರ್ಷ, ಮಾನ್ಯರೇ. ಈ ವಯಸ್ಸಿನಲ್ಲಿ ಕಚೇರಿಗಳ ಮೇಲೆ ನಂಬಿಕೆ ಇರುತ್ತದೆ.

ತಮ್ಮ ಮೊದಲ ಉತ್ತರ: ಚೀಟಿ ‘ಮೂಲ ದಾಖಲೆಗೆ ಅನುಗುಣವಾಗಿದೆ’. ಮೂಲ ದಾಖಲೆ ಯಾವುದೆಂದು ಕೇಳಿದಾಗ, ಚೀಟಿಯೇ ಎಂದಿರಿ. ಎರಡನೆಯ ಉತ್ತರ: ದೀಪವನ್ನು ಸಂಕೇತ ಕೊಡಲು ಬಳಸಿಲ್ಲ ಎಂಬುದಕ್ಕೆ ದಾಖಲೆ ಒದಗಿಸಿ. ಒಳ್ಳೆಯ ಮಾತು. ನಾನು ನಮ್ಮ ಅಡುಗೆಮನೆಯ ಟೋಸ್ಟರಿನಿಂದ ಶತ್ರುಗಳಿಗೆ ಸಂಕೇತ ಕೊಟ್ಟಿಲ್ಲ ಎಂಬುದಕ್ಕೂ ದಾಖಲೆಯಿಲ್ಲ. ತಮ್ಮ ಮೇಜಿನ ದೀಪದ ಬಗ್ಗೆ ತಮ್ಮ ಹತ್ತಿರ ಇದೆಯೇ?

ಮೂರನೆಯ ಪತ್ರದಲ್ಲಿ ತಪ್ಪು ನನ್ನದು. ಹಾಸ್ಟೆಲಿನಲ್ಲಿ ಬೆಳೆದವಳಿಗೆ ಮೇಲಿನವರಿಗೆ ಬರೆಯುವ ರೀತಿ ಒಂದೇ ಗೊತ್ತು: ವಾರ್ಡನ್ನರಿಗೆ ಕೊಡುವ ರಜೆ ಅರ್ಜಿ. ಜ್ವರ ಬಂದರೂ, ಅಕ್ಕನ ಮದುವೆಯಿದ್ದರೂ, ಬಕೆಟ್ ಕಳುವಾದರೂ ಕೊನೆಗೆ ‘ನನ್ನಿಂದಾದ ತಪ್ಪನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸಬೇಕಾಗಿ ಪ್ರಾರ್ಥನೆ’ ಎಂದು ಬರೆಯಲೇಬೇಕು. ಬರೆಯದಿದ್ದರೆ ಅರ್ಜಿ ವಾಪಸ್. ತಪ್ಪು ಯಾರದೆಂಬ ಪ್ರಶ್ನೆಯೇ ಅಲ್ಲ, ಅದು ಕಾಗದದ ಕೆಳಗೆ ಎಳೆಯುವ ಗೆರೆ ಇದ್ದ ಹಾಗೆ. ನಾನು ಎರಡು ಪುಟ ವಾದ ಮಾಡಿ, ಕೈ ರೂಢಿಯಲ್ಲಿ ಅದೇ ಸಾಲನ್ನು ಇಂಗ್ಲಿಷಿನಲ್ಲಿ ಬರೆದುಬಿಟ್ಟೆ. ತಾವು ಎರಡು ಪುಟ ಬಿಟ್ಟು ಆ ಸಾಲು ಮಾತ್ರ ಓದಿದಿರಿ. ಉತ್ತರ ಬಂತು: ‘ತಾವು ಕ್ಷಮೆ ಕೇಳಿದ್ದಕ್ಕೆ ಧನ್ಯವಾದಗಳು. ನಾವು ಅದನ್ನು ಸಂತೋಷದಿಂದ ಸ್ವೀಕರಿಸಿ ಕಡತವನ್ನು ಮುಕ್ತಾಯಗೊಳಿಸಿದ್ದೇವೆ.’

ನಗಬೇಕೋ ಅಳಬೇಕೋ ತಿಳಿಯದೆ ಹಾಸಿಗೆಯ ಮೇಲೆ ಬಿದ್ದು ನಕ್ಕೆ. ಮುತ್ತಜ್ಜನನ್ನು ಹಿಡಿದುಕೊಂಡು ಹೋಗಿ ಎಪ್ಪತ್ತಮೂರು ವರ್ಷಗಳಾದ ಮೇಲೆ ಈ ವಿಷಯದಲ್ಲಿ ಮೊಟ್ಟಮೊದಲ ಕ್ಷಮೆ ಅಧಿಕೃತವಾಗಿ ದಾಖಲಾಯಿತು. ಕೇಳಿದವರು ನಾವು! ಕೊಟ್ಟವರು ತಾವು!

ನಾಲ್ಕನೆಯ ಪತ್ರದಲ್ಲಿ, ಕ್ಷಮೆ ವಾಪಸ್ ಕೊಡಿ ಎಂದು ಕೇಳಿದೆ. ಅದಕ್ಕೆ ಮೇಲೆ ಹೇಳಿದ ಕರಪತ್ರ, ನಗುಮುಖ-ಅಳುಮುಖದ ಅಭಿಪ್ರಾಯ ಪತ್ರ, ಜೊತೆಗೆ ‘ಜಪಾನಿ ಪರಂಪರೆಯಲ್ಲಿ ತಮ್ಮ ಆಸಕ್ತಿ ಗಮನಿಸಿ’ ಕಾಗದ ಮಡಿಸಿ ಕೊಕ್ಕರೆ ಮಾಡುವ ಶಿಬಿರಕ್ಕೊಂದು ಆಹ್ವಾನ. ಹೋಗುತ್ತೇನೆ. ಕೊಕ್ಕರೆ ನೋಡಿದಾಗ ದೊಡ್ಡಪ್ಪನ ಪ್ರಶ್ನೆ ಕೇಳದೆ ಇರುತ್ತೇನೆಂದು ಮಾತು ಕೊಡಲಾರೆ.

ದಾಖಲೆ ಕೇಳಿದ್ದಿರಲ್ಲ, ಅದನ್ನೂ ಮಾಡಿದ್ದೇನೆ. ಡಿಸೆಂಬರಿನಲ್ಲಿ ಇಲ್ಲಿ ಸಂಜೆ ಐದಕ್ಕೇ ಕತ್ತಲು. ನೆಲ ಒರೆಸುವ ನೀಲಿ ಬಕೆಟ್ಟಿಗೆ ತೂತು ಕೊರೆದು, ತಮ್ಮ ದೀಪದಷ್ಟೇ ಆಳಕ್ಕೆ ಇನ್ನೂರು ವ್ಯಾಟಿನ ಬೆಳಕು ಕೂರಿಸಿ, ಕೆಳಮುಖವಾಗಿ ನಮ್ಮ ಹಾಸ್ಟೆಲಿನ ಹಿಂದಿನ ಹುಲ್ಲಿನ ಮೇಲೆ ನೇತುಹಾಕಿದೆ. ನನ್ನ ಫ್ಲ್ಯಾಟಿನಲ್ಲೇ ಇರುವ ಅನೀಶ್, ಬರ್ಚ್‌ವುಡ್‌ನ ಇಂಜಿನಿಯರೊಬ್ಬರ ಮಗ, ಐದಂತಸ್ತಿನ ಕಾರ್ ಪಾರ್ಕಿನ ತುದಿ ಹತ್ತಿ ಫೋನ್ ಮಾಡಿದ.

“ಏನಾದ್ರೂ ಕಾಣ್ತಾ?”

“ನಿನ್ನ ಕಾಲು ಕಾಣ್ತಿದೆ. ಚಪ್ಪಲಿ ಬೇರೆ ಬೇರೆ ಹಾಕ್ಕೊಂಡಿದೀಯ.”

“ಬೆಳಕು ಮೇಲಕ್ಕೆ ಬರ್ತಿದೆಯಾ ಅಂತ ಕೇಳ್ದೆ!”

“ಒಂದು ತಟ್ಟೆಯಷ್ಟು ಹುಲ್ಲು ಕಾಣ್ತಿದೆ ಕಣೇ. ನಾನು ಪೈಲಟ್ ಆಗಿದ್ರೆ ಇಲ್ಲೊಬ್ಬಳು ಹುಚ್ಚಿ ಏನೋ ಕಳಕೊಂಡು ಹುಡುಕ್ತಿದಾಳೆ ಅಂದ್ಕೊಂಡು ಜರ್ಮನಿಗೆ ವಾಪಸ್ ಹೋಗ್ತಿದ್ದೆ.”

ಆಗ ಕಾವಲಿನವರು ಬಂದರು. ಬಕೆಟ್, ವೈರು, ಕತ್ತಲಲ್ಲಿ ನಾನು. ಏನು ಮಾಡುತ್ತಿದ್ದೀರಿ ಎಂದರು. ಗಾಬರಿಗೆ ಬಾಯಿಂದ “ಕೋಳಿಮರಿ” ಎಂಬ ಒಂದೇ ಪದ ಹೊರಟಿತು. ಅವರು ನೋಟ್‌ಬುಕ್ ತೆಗೆದು ನನ್ನ ಹೆಸರು, ರೂಮ್ ನಂಬರ್, ‘ದೀಪದೊಂದಿಗೆ ಅನುಮಾನಾಸ್ಪದ’ ಎಂದು ಬರೆದುಕೊಂಡರು. ರಕ್ತದ ಲೆಕ್ಕದಲ್ಲಿ ನಾನು ಎಂಟನೇ ಒಂದು ಪಾಲು ಮೊರಿಹಾರಾ, ಅವರ ಅನುಭವದಲ್ಲೂ ಅಷ್ಟೇ ಪಾಲು ನನಗೆ ದಕ್ಕಿತು. ಆಮೇಲೆ ಅವರು ಹುಷಾರಾಗಿ ಒಳಗೆ ಹೋಗು ಎಂದು ಹೇಳಿ ಹೋದರು. ಮುತ್ತಜ್ಜನಿಗೂ ಯಾರಾದರೂ ಹಾಗೆ ಹೇಳಿ ಹೋಗಿದ್ದರೆ ಎಂದುಕೊಂಡಾಗ ಮಾತ್ರ ಆ ದಿನ ನನ್ನ ನಗು ನಿಂತಿತು.

ತಮ್ಮ ಕಡೆಯ ವಾದವೂ ನನಗೆ ಗೊತ್ತು. ಅದು ಯುದ್ಧಕಾಲ, ಜನರಿಗೆ ಭಯವಿತ್ತು. ಒಪ್ಪಿದೆ. ಭಯದಲ್ಲಿದ್ದವರಿಗೆ ಬಕೆಟ್ಟೂ ಫಿರಂಗಿಯಾಗಿ ಕಾಣುತ್ತದೆ. ಆದರೆ ಯುದ್ಧ ಮುಗಿದು ಎಪ್ಪತ್ತು ವರ್ಷವಾಯಿತು, ಈಗ ತಮಗೆ ಯಾರ ಭಯ? ಜಪಾನಿನ ಕಾರು ಓಡಿಸಿಕೊಂಡು ಕಚೇರಿಗೆ ಬಂದು, ಜಪಾನಿನ ಯಂತ್ರದಲ್ಲಿ ನಕಲು ತೆಗೆದು, ನನಗೆ ಕಳಿಸುತ್ತಿರುವ ಉತ್ತರದಲ್ಲಿ ಒಬ್ಬ ಜಪಾನಿ ಕೋಳಿಮರಿ ಪರಿಣತ ಇನ್ನೂ ಬೇಹುಗಾರನಾಗಿಯೇ ಇರಬೇಕೇ? ಲೈಬ್ರರಿಯಲ್ಲಿ ಕೂತು ಓದಿದೆ. ಅಮೆರಿಕ ತಾನು ಬೇಲಿಯೊಳಗೆ ಕೂಡಿಹಾಕಿದ ಜಪಾನಿ ಮೂಲದವರ ಕ್ಷಮೆ ಕೇಳಿ 1988ರಲ್ಲಿ ಕಾನೂನನ್ನೇ ಮಾಡಿತು. ಬ್ರಿಟಿಷರು ಮಲಯಾ, ಸಿಂಗಪುರಗಳಲ್ಲಿ ಹಿಡಿದ ಜಪಾನಿ ಕುಟುಂಬಗಳನ್ನು ಹಡಗಿನಲ್ಲಿ ತಂದು ನಮ್ಮ ದೆಹಲಿಯ ಪುರಾನಾ ಕಿಲಾದಲ್ಲಿ ಕೂಡಿಹಾಕಿದ್ದರು ಎಂಬುದನ್ನೂ ಅಲ್ಲೇ ಓದಿದೆ. ಶಾಲೆಯ ಪ್ರವಾಸದಲ್ಲಿ ನಾನು ಆ ಕೋಟೆಯ ಹುಲ್ಲಿನ ಮೇಲೆ ಕೂತು ಪುಳಿಯೋಗರೆ ತಿಂದಿದ್ದೇನೆ. ಯಾರೂ ಒಂದು ಮಾತು ಹೇಳಿರಲಿಲ್ಲ. ಚೀಟಿ ಇಲ್ಲದ ಜಾಗದ ಬಗ್ಗೆ ಯಾರನ್ನು ದೂರಲಿ? ತಮ್ಮಲ್ಲಾದರೆ ಚೀಟಿಯಿದೆ, ಸುಳ್ಳು ಚೀಟಿ. ಅದನ್ನು ಬದಲಿಸುವುದು ಸುಲಭ.

ಸರ್ಕಾರ ಎದ್ದು ನಿಂತು ಕ್ಷಮೆ ಕೇಳಲಿ ಎಂದು ನಾನು ಹೇಳುತ್ತಿಲ್ಲ. ಪರಿಹಾರ ಬೇಡ, ಸ್ಮಾರಕಶಿಲೆ ಬೇಡ, ಕೊಕ್ಕರೆಯೂ ಬೇಡ. ಕೇಳುತ್ತಿರುವುದು ಅಂಗೈಯಗಲದ ಒಂದು ರಟ್ಟು. ಅದರಲ್ಲಿ ಏನಿರಬೇಕೆಂದು ಹೋದ ಭಾನುವಾರ ಅಜ್ಜಿ ಫೋನಿನಲ್ಲಿ ಬರೆಸಿದಳು. ಮೂರು ಸಲ ಓದಿಸಿ ಕೇಳಿಸಿಕೊಂಡಳು:

‘ಇಸಾಮು ಮೊರಿಹಾರಾ ಅವರ ದೀಪ. ಈ ಊರಿನ ಹ್ಯಾಚರಿಗಳಲ್ಲಿ ಒಂದು ದಿನದ ಕೋಳಿಮರಿಗಳು ಗಂಡೋ ಹೆಣ್ಣೋ ಎಂದು ನೋಡುತ್ತಿದ್ದರು. 1941ರಲ್ಲಿ ಅವರನ್ನು ಯಾವ ಅಪರಾಧವೂ ಇಲ್ಲದೆ ಬಂಧಿಸಲಾಯಿತು.’

“‘ಹಿಲ್ಡಾಳ ಗಂಡ, ಎಡ್ನಾಳ ಅಪ್ಪ’ ಅಂತ ಸೇರಿಸಲಾ ಅಜ್ಜಿ?” ಎಂದು ಕೇಳಿದೆ.

“ಬೇಡ ಲವ್. ಅದನ್ನು ನಾನೇ ಅಲ್ಲಿ ನಿಂತು ಅವರಿಗೆ ಹೇಳುತ್ತೇನೆ. ಹೇಳುವುದು ಸ್ವಲ್ಪ ಬಾಕಿ ಇದೆ.”

ಮಾನ್ಯರೇ, ಮಾರ್ಚ್ 28, ಶನಿವಾರ, ಕೋಣೆ ಮುಚ್ಚುವ ಮುಂಚಿನ ಕೊನೆಯ ಶನಿವಾರ. ಲೀಡ್ಸ್‌ನಿಂದ ಬೆಳಗಿನ ರೈಲಿಗೆ ಅಜ್ಜಿ, ಅಪ್ಪ, ಅಮ್ಮ, ನಾನು ನಾಲ್ವರೂ ಬರುತ್ತಿದ್ದೇವೆ. ಅಮ್ಮ ತನ್ನ ತಾತನ ಹೆಸರನ್ನು ಸರಿಯಾಗಿ ಹೇಳಲು ಕಲಿಯುತ್ತಿದ್ದಾಳೆ. ಹೊಸ ಚೀಟಿ ಇದ್ದರೆ ಅಜ್ಜಿ ಒಳಗೆ ಬರುತ್ತಾಳೆ. ಹಳೆಯದೇ ಇದ್ದರೆ ಅವಳು ಮೆಟ್ಟಿಲು ಹತ್ತುವುದಿಲ್ಲ, ಹತ್ತು ಎಂದು ನಾನೂ ಹೇಳುವುದಿಲ್ಲ. ಯಾವುದೆಂದು ನನಗೆ ಮುಂಚೆ ತಿಳಿದರೆ ಅವಳನ್ನು ಬಾಗಿಲವರೆಗೆ ಕರೆತಂದು ವಾಪಸ್ ಕರೆದೊಯ್ಯುವುದು ತಪ್ಪುತ್ತದೆ.

ದಯವಿಟ್ಟು ಬೇಗ ಉತ್ತರ ಬರೆಯಿರಿ.

ಇಂತಿ,
ದಿನಕ್ಕೆ ಹನ್ನೊಂದು ಸಲ ಈಮೇಲ್ ತೆಗೆದು ನೋಡಿ ನಿರಾಶಳಾಗುವುದರಲ್ಲಿ ಈಗಾಗಲೇ ಪರಿಣತಿ ಪಡೆದಿರುವ,
ತನ್ವಿ ರಾಜಶೇಖರ
ಲಫ್‌ಬರೋ, ಫೆಬ್ರವರಿ 2015